62ಕ್ಕೋ, 67ಕ್ಕೋ, 70ಕ್ಕೋ? ನಿವೃತ್ತಿಯ ನಿರ್ಧಾರವನ್ನು ಕೇಳಿ ತಿಳಿಯುವ ಬಗೆ

ಅಮೆರಿಕದಲ್ಲಿ 62 ವರ್ಷ ತುಂಬಿದವರ ಮುಂದೆ ಒಂದು ಲೆಕ್ಕ ಬಂದು ನಿಲ್ಲುತ್ತದೆ. ಅಲ್ಲಿನ ಸರ್ಕಾರಿ ಪಿಂಚಣಿಗೆ ಸೋಷಿಯಲ್ ಸೆಕ್ಯುರಿಟಿ ಅಂತ ಹೆಸರು. 1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ತಿ ಪಿಂಚಣಿ ಸಿಗುವುದು 67ಕ್ಕೆ. ಬೇಕಾದರೆ 62ಕ್ಕೇ ಶುರು ಮಾಡಿಕೊಳ್ಳಬಹುದು. ಆದರೆ ತಿಂಗಳ ಮೊತ್ತ ಶೇ 30ರಷ್ಟು ಕಡಿಮೆ, ಅದೂ ಬದುಕಿರುವಷ್ಟು ಕಾಲ. 70ರವರೆಗೆ ಕಾದರೆ ಶೇ 24ರಷ್ಟು ಜಾಸ್ತಿ. 67ಕ್ಕೆ 1,000 ಡಾಲರ್ ಪಡೆಯಬೇಕಾದವರಿಗೆ 62ಕ್ಕೆ ಸಿಗುವುದು 700. 70ಕ್ಕೆ ಸಿಗುವುದು 1,240.

ಯಾವುದು ಲಾಭ? ಬಡ್ಡಿ, ತೆರಿಗೆ ಎಲ್ಲ ಬದಿಗಿಟ್ಟು ನೋಡೋಣ. 62ಕ್ಕೆ ಶುರು ಮಾಡಿದವರ ಕೈಗೆ 67 ತುಂಬುವ ಹೊತ್ತಿಗೆ 60 ತಿಂಗಳ ಹಣ, ಅಂದರೆ 42,000 ಡಾಲರ್ ಬಂದಿರುತ್ತದೆ. 67ರವರೆಗೆ ಕಾದವರಿಗೆ ಅಲ್ಲಿಂದ ಮುಂದೆ ತಿಂಗಳಿಗೆ 300 ಡಾಲರ್ ಹೆಚ್ಚು. 42,000 ಸರಿದೂಗಲು 140 ತಿಂಗಳು ಬೇಕು. 78 ವರ್ಷ 8 ತಿಂಗಳು ದಾಟಿ ಬದುಕಿದರೆ ಕಾದದ್ದು ಲಾಭ. ಇಲ್ಲದಿದ್ದರೆ ನಷ್ಟ.

ಲೆಕ್ಕವೇನೋ ಸುಲಭ. ಅದರೊಳಗೆ ಅಡಗಿರುವ ಪ್ರಶ್ನೆ ಸುಲಭವಲ್ಲ: ನಾನು ಎಷ್ಟು ವರ್ಷ ಬದುಕುತ್ತೇನೆ? ಅದರ ಹಿಂದೆಯೇ ಇನ್ನಷ್ಟು ಪ್ರಶ್ನೆಗಳು ಬರುತ್ತವೆ. ಹೆಂಡತಿ ಇನ್ನೂ ಕೆಲಸದಲ್ಲಿದ್ದಾಳೆ, ನಾನೊಬ್ಬನೇ ಮನೆಯಲ್ಲಿ ಕೂತು ಏನು ಮಾಡಲಿ? ಮಂಡಿನೋವಿದೆ, ಇನ್ನೂ ಐದು ವರ್ಷ ನಿಂತು ಕೆಲಸ ಮಾಡೋಕೆ ಆಗುತ್ತಾ? ಕೆಲಸ ಬಿಟ್ಟರೆ ಆಸ್ಪತ್ರೆ ಖರ್ಚಿಗೆ ವಿಮೆ ಯಾರು ಕೊಡುತ್ತಾರೆ?

ಸರ್ಕಾರದ ಕಡತಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಯಾರು ಯಾವ ತಿಂಗಳು ಪಿಂಚಣಿಗೆ ಅರ್ಜಿ ಹಾಕಿದರು, ಎಷ್ಟು ಸಂಬಳ ಇತ್ತು, ಇಷ್ಟು ಮಾತ್ರ ಅಲ್ಲಿ ಸಿಗುತ್ತದೆ. ಏಕೆ ಹಾಕಿದರು ಅನ್ನುವುದನ್ನು ತಿಳಿಯಬೇಕಾದರೆ ಅವರನ್ನೇ ಕೇಳಬೇಕು. ನಿವೃತ್ತಿಯ ಅರ್ಥಶಾಸ್ತ್ರ ಕಳೆದ ನಾಲ್ಕೈದು ದಶಕಗಳಲ್ಲಿ ಇಷ್ಟು ಬೆಳೆದದ್ದಕ್ಕೆ ದೊಡ್ಡ ಕಾರಣ ಹೊಸ ಸೂತ್ರಗಳಲ್ಲ ಅಂತ ನಾನು ನಂಬುತ್ತೇನೆ. ಪ್ರಶ್ನೆ ಕೇಳುವ ರೀತಿ ಬದಲಾಯಿತು, ಅದೇ ಕಾರಣ.

ಯಾರನ್ನು ಕೇಳಬೇಕು ಅನ್ನುವುದೇ ಮೊದಲ ತಕರಾರು

ಅಮೆರಿಕದ ಸರ್ಕಾರ 1969ರಲ್ಲಿ ಒಂದು ದೊಡ್ಡ ಸಮೀಕ್ಷೆ ಶುರು ಮಾಡಿತು. 58ರಿಂದ 63 ವರ್ಷದ ಸುಮಾರು 11,000 ಜನರನ್ನು ಆರಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಅವರನ್ನೇ ಹುಡುಕಿ ಹೋಗಿ, 1979ರವರೆಗೆ ಮಾತಾಡಿಸಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಕೆಲಸ. ಆದರೆ ಅದರ ಪಟ್ಟಿಯಲ್ಲಿ ಇದ್ದದ್ದು ಗಂಡಸರು ಮತ್ತು ಗಂಡನಿಲ್ಲದ ಹೆಂಗಸರು ಮಾತ್ರ. ಮದುವೆಯಾಗಿ ಗಂಡನ ಜೊತೆ ಇರುವ ಹೆಂಗಸರನ್ನು ನೇರವಾಗಿ ಆರಿಸಿಕೊಳ್ಳಲೇ ಇಲ್ಲ. ಅವರಿಗೆ ನಿವೃತ್ತಿ ಅಂದರೆ ಗಂಡನ ನಿವೃತ್ತಿಯೇ ಅನ್ನುವುದು ಆಗಿನ ತಿಳಿವಳಿಕೆ.

ಒಂದು ಊಹೆ ಪಟ್ಟಿಯೊಳಗೇ ಸೇರಿಬಿಟ್ಟರೆ ಆಮೇಲೆ ಎಂಥ ಗಣಿತದಿಂದಲೂ ಅದನ್ನು ತೆಗೆಯಲು ಆಗುವುದಿಲ್ಲ. ಕೇಳದೇ ಇದ್ದವರ ಉತ್ತರ ಎಲ್ಲಿಂದ ಬರಬೇಕು?

1992ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಶುರುವಾದ ‘ಹೆಲ್ತ್ ಅಂಡ್ ರಿಟೈರ್‌ಮೆಂಟ್ ಸ್ಟಡಿ’, ಚಿಕ್ಕದಾಗಿ ಎಚ್‌ಆರ್‌ಎಸ್, ಈ ಕೊರತೆಯನ್ನು ಸರಿಮಾಡಿತು. 1931ರಿಂದ 1941ರ ನಡುವೆ ಹುಟ್ಟಿದವರನ್ನು, ಅಂದರೆ ಆಗ 51ರಿಂದ 61 ವರ್ಷದವರನ್ನು, ಮೊದಲ ಸುತ್ತಿಗೆ ಆರಿಸಿಕೊಂಡರು. ಆರಿಸಿದವರ ಗಂಡ ಅಥವಾ ಹೆಂಡತಿಗೆ ಎಷ್ಟೇ ವಯಸ್ಸಾಗಿರಲಿ, ಅವರನ್ನೂ ಸೇರಿಸಿಕೊಂಡರು. ಅಲ್ಲಿಂದ ಇಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಸಮೀಕ್ಷೆ ನಡೆಯುತ್ತಲೇ ಇದೆ. ಆರು ವರ್ಷಕ್ಕೊಮ್ಮೆ ಹೊಸ ತಲೆಮಾರನ್ನು ಸೇರಿಸುತ್ತಾರೆ. ಒಂದು ಸುತ್ತಿನಲ್ಲಿ ಸುಮಾರು 20,000 ಜನ. ಒಪ್ಪಿಗೆ ಕೊಟ್ಟವರ ಉತ್ತರಗಳನ್ನು ಅವರ ಸೋಷಿಯಲ್ ಸೆಕ್ಯುರಿಟಿ ದಾಖಲೆ ಜೊತೆ ಜೋಡಿಸುತ್ತಾರೆ. ಭಾಗವಹಿಸಿದವರು ತೀರಿಕೊಂಡರೆ ಮನೆಯವರನ್ನು ಕೊನೆಯ ಸಲ ಮಾತಾಡಿಸುತ್ತಾರೆ: ಕೊನೆಗಾಲದ ಖರ್ಚು ಎಷ್ಟಾಯಿತು, ಯಾರು ನೋಡಿಕೊಂಡರು, ಆಸ್ತಿ ಯಾರಿಗೆ ಹೋಯಿತು.

ಗಂಡ ಹೆಂಡತಿ ಇಬ್ಬರ ಮಾತನ್ನೂ ಕೇಳಿದರೆ ಏನು ಸಿಗುತ್ತದೆ? ವಯಸ್ಸಿನಲ್ಲಿ ಮೂರು ನಾಲ್ಕು ವರ್ಷ ಅಂತರವಿದ್ದರೂ ಎಷ್ಟೋ ದಂಪತಿಗಳು ಹತ್ತಿರ ಹತ್ತಿರದಲ್ಲೇ ಕೆಲಸ ಬಿಡುತ್ತಾರೆ. ಅಲನ್ ಗಸ್ಟ್‌ಮನ್ ಮತ್ತು ಥಾಮಸ್ ಸ್ಟೈನ್‌ಮಿಯರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಬಿಡಿಸಿ ನೋಡಿದರು. ದುಡ್ಡಿನ ಲೆಕ್ಕ ಇಬ್ಬರಿಗೂ ಒಟ್ಟಿಗೆ ಕೂಡಿಬರುತ್ತದೆ ಅನ್ನುವುದಷ್ಟೇ ಇದಕ್ಕೆ ಕಾರಣವಲ್ಲ. ಬಿಡುವಿನ ಹೊತ್ತನ್ನು ಜೊತೆಯಲ್ಲಿ ಕಳೆಯಬೇಕು ಅನ್ನುವ ಆಸೆಯೇ ಮುಖ್ಯ ಕಾರಣ ಅಂತ ಅವರಿಗೆ ಕಂಡಿತು. ಇದು ಪಿಂಚಣಿ ನೀತಿಗೂ ಸಂಬಂಧಪಟ್ಟ ವಿಷಯ. ಹೆಂಗಸರ ಪಿಂಚಣಿ ವಯಸ್ಸು ಬದಲಾಯಿಸಿದರೆ ಅವರ ಗಂಡಂದಿರ ನಿರ್ಧಾರವೂ ಬದಲಾಗಬಹುದು. ಒಬ್ಬರನ್ನೇ ಕೇಳುವ ಸಮೀಕ್ಷೆಗೆ ಇದು ಕಾಣುವುದಿಲ್ಲ.

ಅದೇ ಜನರನ್ನು ಮತ್ತೆ ಮತ್ತೆ ಕೇಳುವುದು ಏಕೆ, ಒಂದೇ ಸಲ ಎಲ್ಲ ವಯಸ್ಸಿನವರನ್ನೂ ಕೇಳಿದರೆ ಸಾಲದೇ ಅನ್ನಿಸಬಹುದು. ತೋಟದಲ್ಲಿ ಐದು ವರ್ಷದ ತೆಂಗು, ಹದಿನೈದು ವರ್ಷದ ತೆಂಗು, ಮೂವತ್ತು ವರ್ಷದ ತೆಂಗು ಇದೆ ಅಂದುಕೊಳ್ಳಿ. ಮೂರನ್ನೂ ಒಂದೇ ದಿನ ಅಳೆದು, ‘ತೆಂಗು ಹೀಗೆ ಬೆಳೆಯುತ್ತದೆ’ ಅಂತ ಹೇಳಿದರೆ ತಪ್ಪಾಗಬಹುದು. ತಳಿ ಬೇರೆ ಇರಬಹುದು, ನೆಟ್ಟ ವರ್ಷದ ಮಳೆ ಬೇರೆ ಇರಬಹುದು. ಜನರ ವಿಷಯವೂ ಹೀಗೆಯೇ. ಇವತ್ತಿನ 75ರ ಮಹಿಳೆ ಓದಿದ್ದು ಕಡಿಮೆ, ಕೆಲಸಕ್ಕೆ ಹೋದದ್ದು ಕಡಿಮೆ. ಇವತ್ತಿನ 55ರ ಮಹಿಳೆ 75 ಮುಟ್ಟಿದಾಗ ಹಾಗಿರುವುದಿಲ್ಲ. ವಯಸ್ಸಿನಿಂದ ಆದ ಬದಲಾವಣೆ ಯಾವುದು, ತಲೆಮಾರಿನ ವ್ಯತ್ಯಾಸ ಯಾವುದು ಅಂತ ಬೇರ್ಪಡಿಸಲು ಅದೇ ಜನರ ಬೆನ್ನು ಹತ್ತಲೇಬೇಕು.

ಬೆನ್ನು ಹತ್ತಿದಾಗಲೇ ಇನ್ನೊಂದು ವಿಷಯವೂ ಗೊತ್ತಾಯಿತು. ನಿವೃತ್ತಿ ಅನ್ನುವುದು ಎಲ್ಲರಿಗೂ ಒಂದೇ ಸಲ ಆಗಿ ಮುಗಿಯುವ ಘಟನೆಯಲ್ಲ. ಪೂರ್ಣ ಕೆಲಸದಿಂದ ಅರ್ಧ ದಿನದ ಕೆಲಸಕ್ಕೆ ಹೋಗುವವರಿದ್ದಾರೆ. ಬಿಟ್ಟು ಎರಡು ವರ್ಷದ ಮೇಲೆ ಮತ್ತೆ ಕೆಲಸಕ್ಕೆ ಸೇರುವವರಿದ್ದಾರೆ. ನಿಕೋಲ್ ಮೇಸ್ಟಸ್ ಎಂಬ ಅರ್ಥಶಾಸ್ತ್ರಜ್ಞೆ ಎಚ್‌ಆರ್‌ಎಸ್ ಅಂಕಿಅಂಶ ಬಳಸಿ ನೋಡಿದಾಗ, ನಿವೃತ್ತರಾದವರಲ್ಲಿ ಕನಿಷ್ಠ ಶೇ 26ರಷ್ಟು ಜನ ಮತ್ತೆ ದುಡಿಮೆಗೆ ಬಂದಿದ್ದರು. ದುಡ್ಡು ಸಾಲದೆ ವಾಪಸ್ ಬಂದಿರಬೇಕು ಅಂತ ನಮಗೆ ಥಟ್ಟನೆ ಅನ್ನಿಸುತ್ತದೆ, ಅಲ್ವಾ? ಆದರೆ ಬಹುಪಾಲು ಜನ ಕೆಲಸ ಬಿಡುವ ಮುಂಚೆಯೇ, ಆಮೇಲೆ ಮತ್ತೆ ದುಡಿಯುವ ಅಂದಾಜು ಇದೆ ಅಂತ ಸಮೀಕ್ಷೆಯಲ್ಲಿ ಹೇಳಿದ್ದರು. ಆ ಹಳೆಯ ಉತ್ತರ ದಾಖಲಾಗಿರದಿದ್ದರೆ ಅವರೆಲ್ಲರನ್ನೂ ಲೆಕ್ಕ ತಪ್ಪಿದವರು ಅಂತ ಬರೆದುಬಿಡುತ್ತಿದ್ದರು.

ಪ್ರಶ್ನೆ ಕೇಳುವ ಕಸುಬು

ಈ ಭಾಗಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ. ಅಂಕಿಅಂಶ ಬಳಸುವವರು ಕೂಡ ಇದನ್ನು ಬೇಗ ದಾಟಿ ಮುಂದೆ ಹೋಗುತ್ತಾರೆ. ಆದರೆ ಎಲ್ಲ ನಿಂತಿರುವುದು ಇಲ್ಲೇ.

ಮನೆಗೆ ಬಂದ ಅಪರಿಚಿತರು ‘ನಿಮ್ಮ ಹತ್ತಿರ ಎಷ್ಟು ಉಳಿತಾಯ ಇದೆ?’ ಅಂತ ಕೇಳಿದರೆ ಯಾರು ಹೇಳುತ್ತಾರೆ? ಕೆಲವರಿಗೆ ಹೇಳಲು ಇಷ್ಟವಿಲ್ಲ. ಬಹಳ ಜನಕ್ಕೆ ನಿಜಕ್ಕೂ ಸರಿಯಾಗಿ ಗೊತ್ತಿರುವುದಿಲ್ಲ. ಹಳೆಯ ಸಮೀಕ್ಷೆಗಳಲ್ಲಿ ಇಂಥ ಕಡೆ ‘ಗೊತ್ತಿಲ್ಲ’ ಅಂತ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಎಚ್‌ಆರ್‌ಎಸ್ ಕಟ್ಟಿದ ಥಾಮಸ್ ಜಸ್ಟರ್ ಮತ್ತು ಜೇಮ್ಸ್ ಸ್ಮಿತ್ ಇದಕ್ಕೊಂದು ದಾರಿಯನ್ನು ದೊಡ್ಡ ಪ್ರಮಾಣದಲ್ಲಿ ಬಳಸಿ ತೋರಿಸಿದರು. ‘ಗೊತ್ತಿಲ್ಲ’ ಅಂದ ಕೂಡಲೇ ಬಿಡುವುದಿಲ್ಲ. ಮಾತು ಹೀಗೆ ಸಾಗುತ್ತದೆ ಅಂದುಕೊಳ್ಳಿ:

‘ಹೋಗಲಿ, 10,000 ಡಾಲರ್‌ಗಿಂತ ಜಾಸ್ತಿ ಇರಬಹುದಾ?’

‘ಇದೆ, ಅದಕ್ಕಿಂತ ಜಾಸ್ತಿನೇ.’

‘50,000ಕ್ಕಿಂತ?’

‘ಅಷ್ಟಿಲ್ಲ.’

ಎರಡೇ ಪ್ರಶ್ನೆಯಲ್ಲಿ ಮೊತ್ತ 10,000 ಮತ್ತು 50,000ರ ನಡುವೆ ಬಂದು ನಿಂತಿತು. ಖಾಲಿ ಉಳಿಯಬೇಕಾದ ಜಾಗದಲ್ಲಿ ಒಂದು ಅಂದಾಜು ಬಂತು. ಹೀಗೆ ಕೇಳಿದಾಗ ಗೊತ್ತಾದದ್ದೇನೆಂದರೆ, ‘ಗೊತ್ತಿಲ್ಲ’ ಅಂದವರನ್ನು ಬಿಟ್ಟು ಲೆಕ್ಕ ಹಾಕಿದರೆ ಜನರ ಒಟ್ಟು ಆಸ್ತಿ ಇರುವುದಕ್ಕಿಂತ ಕಡಿಮೆ ಕಾಣುತ್ತಿತ್ತು.

ಈ ದಾರಿಗೂ ಅದರದೇ ತೊಡಕಿದೆ. ಮೊದಲ ಪ್ರಶ್ನೆಯಲ್ಲಿ ಯಾವ ಮೊತ್ತ ಹೇಳುತ್ತೀರಿ ಅನ್ನುವುದು ಉತ್ತರವನ್ನೇ ಎಳೆಯುತ್ತದೆ. 10,000ದಿಂದ ಶುರು ಮಾಡಿದರೆ ಕಡಿಮೆ ಹೇಳುತ್ತಾರೆ, ಒಂದು ಲಕ್ಷದಿಂದ ಶುರು ಮಾಡಿದರೆ ಜಾಸ್ತಿ ಹೇಳುತ್ತಾರೆ. ಮೈಕಲ್ ಹರ್ಡ್ ಮತ್ತು ಅವರ ಜೊತೆಗಾರರು ಬೇರೆ ಬೇರೆ ಜನಕ್ಕೆ ಬೇರೆ ಬೇರೆ ಮೊತ್ತದಿಂದ ಶುರು ಮಾಡಿ ಇದನ್ನು ಪರೀಕ್ಷಿಸಿದರು. ಎಲ್ಲಿಂದ ಶುರು ಮಾಡಿದೆವು ಅನ್ನುವುದನ್ನು ಬದಲಾಯಿಸುತ್ತಾ ಹೋದರೆ ಎಳೆತ ಎಷ್ಟು ಅಂತ ಅಳೆದು ಲೆಕ್ಕದಲ್ಲಿ ಸರಿಮಾಡಿಕೊಳ್ಳಬಹುದು.

ಇನ್ನೊಂದು ಹೊಸತನ ನಾಳೆಯ ಬಗ್ಗೆ ಕೇಳುವುದರಲ್ಲಿತ್ತು. ಮೊದಲೆಲ್ಲ ‘ಯಾವಾಗ ನಿವೃತ್ತರಾಗುತ್ತೀರಿ?’ ಅಂತ ನೇರ ಪ್ರಶ್ನೆ. ‘65ಕ್ಕೆ’ ಅಂತ ನೇರ ಉತ್ತರ. ಆದರೆ ಆ 65ರ ಹಿಂದೆ ಎಷ್ಟು ಅನುಮಾನ ಇದೆ? ಎಚ್‌ಆರ್‌ಎಸ್ ಬೇರೆ ರೀತಿ ಕೇಳಿತು: ‘62 ದಾಟಿದ ಮೇಲೂ ನೀವು ಪೂರ್ಣಾವಧಿ ಕೆಲಸದಲ್ಲಿರುವ ಸಾಧ್ಯತೆ 0ಯಿಂದ 100ರೊಳಗೆ ಎಷ್ಟು?’ ಆಮೇಲೆ 65ರ ಬಗ್ಗೆ ಅದೇ ಪ್ರಶ್ನೆ. ಆಮೇಲೆ, ‘75ರವರೆಗೆ ಬದುಕಿರುವ ಸಾಧ್ಯತೆ ಎಷ್ಟು? 85ರವರೆಗೆ?’ ಇಂಥ ಉತ್ತರ ಕೊಡುವ ರೂಢಿ ಯಾರಿಗೂ ಇರುವುದಿಲ್ಲ. ಹಾಗಾಗಿ ಅಭ್ಯಾಸಕ್ಕೆ ಒಂದು ಸುಲಭದ ಪ್ರಶ್ನೆಯನ್ನು ಮೊದಲು ಇಟ್ಟರು: ನಾಳೆ ಬಿಸಿಲು ಬರುವ ಸಾಧ್ಯತೆ ಎಷ್ಟು?

ಸಾವಿನ ಬಗ್ಗೆ ಹೀಗೆ ಅಂಕಿಯಲ್ಲಿ ಕೇಳಿದರೆ ಜನ ಬೇಸರ ಮಾಡಿಕೊಳ್ಳುತ್ತಾರೆ, ಬಾಯಿಗೆ ಬಂದದ್ದು ಹೇಳುತ್ತಾರೆ ಅಂತ ಅನುಮಾನಪಡುವುದು ಸಹಜ. ಮೈಕಲ್ ಹರ್ಡ್ ಮತ್ತು ಕ್ಯಾತ್ಲೀನ್ ಮೆಕ್‌ಗ್ಯಾರಿ 1995ರಲ್ಲಿ ಉತ್ತರಗಳನ್ನು ಒಟ್ಟುಹಾಕಿ ನೋಡಿದಾಗ ಸರಾಸರಿ ಅಂಕಿ ಸರ್ಕಾರದ ಜೀವಿತಾವಧಿ ಕೋಷ್ಟಕಕ್ಕೆ ಹತ್ತಿರವೇ ಇತ್ತು. ಸಿಗರೇಟು ಸೇದುವವರು ತಮಗೆ ಕಡಿಮೆ ಸಾಧ್ಯತೆ ಕೊಟ್ಟುಕೊಂಡಿದ್ದರು. ಅಪ್ಪ ಅಮ್ಮ ಹೆಚ್ಚು ಕಾಲ ಬದುಕಿದವರು ಜಾಸ್ತಿ ಕೊಟ್ಟುಕೊಂಡಿದ್ದರು. ಜನರಿಗೆ ತಮ್ಮ ಬಗ್ಗೆ ಗೊತ್ತಿರುವುದನ್ನು ನಾವು ಕಡಿಮೆ ಅಂದಾಜು ಮಾಡುತ್ತೇವೆ.

ತೊಂದರೆ ಇದ್ದದ್ದು 50ರಲ್ಲಿ. ‘50’ ಅನ್ನುವ ಉತ್ತರ ಬಹಳ ಜಾಸ್ತಿ ಬರುತ್ತಿತ್ತು. ಕೆಲವರಿಗೆ ಅದು ನಿಜವಾದ ಅಂದಾಜು, ಇನ್ನು ಕೆಲವರಿಗೆ ‘ನನಗೇನು ಗೊತ್ತು’ ಅನ್ನುವುದರ ಇನ್ನೊಂದು ರೂಪ. ಆಮೇಲಿನ ಸುತ್ತುಗಳಲ್ಲಿ 50 ಅಂದವರಿಗೆ ಮತ್ತೊಂದು ಪ್ರಶ್ನೆ ಸೇರಿಸಿದರು: ನಿಜಕ್ಕೂ ಅರ್ಧಕ್ಕರ್ಧ ಅನ್ನಿಸುತ್ತದೆಯಾ, ಅಥವಾ ಖಚಿತವಾಗಿ ಗೊತ್ತಿಲ್ಲವಾ? ಆಫ್ರಿಕಾದ ಮಲಾವಿಯ ಹಳ್ಳಿಗಳಲ್ಲಿ ಅಂಕಿಯ ಬದಲು ಜನರ ಮುಂದೆ 10 ಕಾಳು ಇಟ್ಟು, ಸಾಧ್ಯತೆಗೆ ತಕ್ಕಷ್ಟನ್ನು ತಟ್ಟೆಗೆ ಹಾಕಿ ಅಂದರು. ಶಾಲೆಯ ಮೆಟ್ಟಿಲು ಹತ್ತದವರೂ ಸರಾಗವಾಗಿ ಉತ್ತರಿಸಿದರು.

ಇಷ್ಟೆಲ್ಲ ಮಾಡಿ ಬಂದ ಉತ್ತರಗಳಿಂದ ಮೊದಲಿನ ಲೆಕ್ಕಕ್ಕೆ ಏನು ಸಿಕ್ಕಿತು? ತಾನು ಹೆಚ್ಚು ಕಾಲ ಬದುಕುವುದಿಲ್ಲ ಅಂದುಕೊಂಡವರು ಬೇಗ ಕೆಲಸ ಬಿಡುತ್ತಾರೆ, ಬೇಗ ಪಿಂಚಣಿ ಶುರು ಮಾಡಿಕೊಳ್ಳುತ್ತಾರೆ. ನಾವು ಅಂದುಕೊಂಡ ದಿಕ್ಕಿನಲ್ಲೇ ಇದೆ. ಆದರೆ ಈ ಪರಿಣಾಮ ದೊಡ್ಡದಲ್ಲ. 78 ವರ್ಷ 8 ತಿಂಗಳ ಲೆಕ್ಕ ಹಾಕಿ ನಿರ್ಧರಿಸುವವರು ಕಡಿಮೆ. ಉಳಿದವರ ವಿಷಯದಲ್ಲಿ ಬೇರೆ ಏನೋ ಕೆಲಸ ಮಾಡುತ್ತಿದೆ.

ಆ ‘ಬೇರೆ ಏನೋ’

ಅಮೆರಿಕದಲ್ಲಿ ಯಾವ ವಯಸ್ಸಿನಲ್ಲಿ ಎಷ್ಟು ಜನ ಕೆಲಸ ಬಿಡುತ್ತಾರೆ ಅಂತ ಗೆರೆ ಎಳೆದರೆ, 62 ಮತ್ತು 65ರಲ್ಲಿ ಎರಡು ಚೂಪು ಏರು ಬಹಳ ಕಾಲ ಕಾಣುತ್ತಿತ್ತು. 62ರದು ಅರ್ಥವಾಗುತ್ತದೆ, ಅಂದೇ ಮೊದಲ ಪಿಂಚಣಿ ಸಿಗುವುದು. ಕೂಡಿಟ್ಟ ಹಣವಿಲ್ಲದವರು ಅದಕ್ಕಾಗಿಯೇ ಕಾಯುತ್ತಿರುತ್ತಾರೆ. 65ಕ್ಕೆ ಏಕೆ? ಆಗ ಪೂರ್ಣ ಪಿಂಚಣಿ ವಯಸ್ಸು 65 ಇತ್ತು, ಹಾಗಾಗಿ ಅದೇ ಕಾರಣ ಅಂದುಕೊಳ್ಳಬಹುದು. ಜಾನ್ ರಸ್ಟ್ ಮತ್ತು ಕ್ರಿಸ್ಟೋಫರ್ ಫೆಲನ್ ಆ 1969ರ ಸಮೀಕ್ಷೆಯ ಅಂಕಿಅಂಶ ತೆಗೆದುಕೊಂಡು 1997ರಲ್ಲಿ ಇನ್ನೊಂದು ಕಾರಣ ಮುಂದಿಟ್ಟರು. ವಯಸ್ಸಾದವರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಶುರುವಾಗುವುದೂ 65ಕ್ಕೇ. ಕೆಲಸ ಬಿಟ್ಟರೆ ವಿಮೆಯೂ ಹೋಗುತ್ತದೆ ಅನ್ನುವ ಸ್ಥಿತಿಯಲ್ಲಿದ್ದವರು ಅಲ್ಲಿಯವರೆಗೆ ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದರು. ಪಿಂಚಣಿ ಕಡತದಲ್ಲಿ ವಿಮೆಯ ಸುಳಿವು ಇರುವುದಿಲ್ಲ. ಸಮೀಕ್ಷೆಯಲ್ಲಿ ಇತ್ತು.

ತಿಳಿವಳಿಕೆಯೂ ಒಂದು ಕಾರಣ. ಅನ್ನಮರಿಯಾ ಲುಸಾರ್ಡಿ ಮತ್ತು ಒಲಿವಿಯಾ ಮಿಚೆಲ್ 2004ರ ಎಚ್‌ಆರ್‌ಎಸ್‌ನಲ್ಲಿ ಮೂರು ಪುಟ್ಟ ಪ್ರಶ್ನೆ ಸೇರಿಸಿದರು. 100 ಡಾಲರ್‌ಗೆ ವರ್ಷಕ್ಕೆ ಶೇ 2 ಬಡ್ಡಿ, ಐದು ವರ್ಷ ಬಿಟ್ಟರೆ 102ಕ್ಕಿಂತ ಜಾಸ್ತಿ ಆಗುತ್ತದೆಯಾ, 102 ಆಗುತ್ತದೆಯಾ, ಕಡಿಮೆಯಾ? ಬಡ್ಡಿ ಶೇ 1, ಬೆಲೆ ಏರಿಕೆ ಶೇ 2 ಇದ್ದರೆ ವರ್ಷದ ಕೊನೆಗೆ ಆ ದುಡ್ಡಿಗೆ ಮೊದಲಿಗಿಂತ ಹೆಚ್ಚು ಸಾಮಾನು ಬರುತ್ತದೆಯಾ, ಕಡಿಮೆಯಾ? ಒಂದೇ ಕಂಪನಿಯ ಷೇರು ಕೊಳ್ಳುವುದು ಮ್ಯೂಚುವಲ್ ಫಂಡ್‌ಗಿಂತ ಸುರಕ್ಷಿತವಾ? 50 ದಾಟಿದವರಲ್ಲಿ ಮೊದಲ ಎರಡಕ್ಕೆ ಸರಿ ಉತ್ತರ ಕೊಟ್ಟವರು ಸುಮಾರು ಅರ್ಧ. ಮೂರಕ್ಕೂ ಕೊಟ್ಟವರು ಮೂರರಲ್ಲಿ ಒಂದು ಪಾಲು. ನಿವೃತ್ತಿಯ ಉಳಿತಾಯವನ್ನು ಜನರೇ ಹೂಡಿಕೆ ಮಾಡಿಕೊಳ್ಳಲಿ ಅಂತ ಸರ್ಕಾರಗಳೂ ಕಂಪನಿಗಳೂ ಜವಾಬ್ದಾರಿಯನ್ನು ಅವರ ಮೇಲೆ ಹೊರಿಸುತ್ತಿರುವ ಕಾಲದಲ್ಲಿ ಈ ಅಂಕಿ ನನ್ನನ್ನು ಚಿಂತೆಗೆ ಹಚ್ಚುತ್ತದೆ.

ಅಂದುಕೊಂಡದ್ದಕ್ಕೂ ಮಾಡುವುದಕ್ಕೂ ನಡುವೆ ಅಂತರವಿದೆ ಅನ್ನುವುದೂ ದಾಖಲಾಗಿದೆ. ಒಂದು ಅಮೆರಿಕನ್ ಕಂಪನಿಯ ಸಿಬ್ಬಂದಿಯ ಸಮೀಕ್ಷೆಯಲ್ಲಿ 100ಕ್ಕೆ 68 ಜನ ನಿವೃತ್ತಿಗೆ ತಮ್ಮ ಉಳಿತಾಯ ಸಾಲದು ಅಂದರು. ಅವರಲ್ಲಿ 24 ಜನ ಮುಂದಿನ ಕೆಲವು ತಿಂಗಳಲ್ಲಿ ಹೆಚ್ಚು ಮಾಡುತ್ತೇವೆ ಅಂದರು. ಕಂಪನಿಯ ದಾಖಲೆ ತೆಗೆದು ನೋಡಿದರೆ ನಿಜಕ್ಕೂ ಹೆಚ್ಚು ಮಾಡಿದವರು 3 ಜನ. ಜೇಮ್ಸ್ ಚಾಯ್, ಡೇವಿಡ್ ಲೈಬ್‌ಸನ್, ಬ್ರಿಜಿಟ್ ಮ್ಯಾಡ್ರಿಯನ್ ಮತ್ತು ಆಂಡ್ರ್ಯೂ ಮೆಟ್ರಿಕ್ ಮಾಡಿದ ಈ ಕೆಲಸದಲ್ಲಿ ಸಮೀಕ್ಷೆ ಮತ್ತು ದಾಖಲೆ ಎರಡೂ ಕೈಯಲ್ಲಿದ್ದವು. ಒಂದೇ ಇದ್ದಿದ್ದರೆ ಅರ್ಧ ಕತೆಯಷ್ಟೇ ಸಿಗುತ್ತಿತ್ತು. ಕೆಲಸ ಬಿಡುವ ವಯಸ್ಸಿನಲ್ಲೂ ಇಂಥದ್ದೇ ಅಂತರ. ಅಮೆರಿಕದಲ್ಲಿ 1991ರಿಂದ ನಡೆಯುತ್ತಿರುವ ಇನ್ನೊಂದು ಸಮೀಕ್ಷೆಯಲ್ಲಿ, ದುಡಿಯುತ್ತಿರುವವರು 65ಕ್ಕೆ ಬಿಡುತ್ತೇವೆ ಅನ್ನುತ್ತಾರೆ, ಈಗಾಗಲೇ ಬಿಟ್ಟವರನ್ನು ಕೇಳಿದರೆ 62ಕ್ಕೆ ಬಿಟ್ಟೆವು ಅನ್ನುತ್ತಾರೆ. ಕಾಯಿಲೆ ಬಂತು, ಕಂಪನಿ ಮುಚ್ಚಿತು, ಮನೆಯಲ್ಲಿ ಯಾರನ್ನೋ ನೋಡಿಕೊಳ್ಳಬೇಕಾಯಿತು. ಇವರ ಪಾಲಿಗೆ ‘ನಿರ್ಧಾರ’ ಅನ್ನುವ ಮಾತೇ ಪೂರ್ತಿ ಹೊಂದುವುದಿಲ್ಲ.

ಆರೋಗ್ಯದ ಗಂಟು

ಎಲ್ಲಕ್ಕಿಂತ ಕಷ್ಟದ ಜಾಗ ಇದು. ಕೆಲಸ ಬಿಟ್ಟವರ ಆರೋಗ್ಯ ಸಾಮಾನ್ಯವಾಗಿ ಕೆಲಸದಲ್ಲಿ ಇರುವವರಿಗಿಂತ ಕೆಟ್ಟಿರುತ್ತದೆ. ಹುಷಾರಿಲ್ಲದೆ ಕೆಲಸ ಬಿಟ್ಟರೋ, ಬಿಟ್ಟ ಮೇಲೆ ಹುಷಾರು ತಪ್ಪಿದರೋ? ಮೂರನೆಯ ದಾರಿಯೂ ಇದೆ. ‘ಏಕೆ ಬಿಟ್ಟಿರಿ?’ ಅಂದಾಗ ‘ಮೈ ಸರಿಯಿರಲಿಲ್ಲ’ ಅನ್ನುವುದು ಎಲ್ಲರೂ ಒಪ್ಪುವ ಉತ್ತರ. ಸುಮ್ನೆ ಸಾಕಾಯಿತು ಅಂತ ಹೇಳಲು ಸಂಕೋಚ. ಹೀಗೆ ಉತ್ತರವೇ ವಾಲಿಬಿಡುತ್ತದೆ. ಅದಕ್ಕೇ ಈ ಸಮೀಕ್ಷೆಗಳು ಬರೀ ಮಾತನ್ನು ನಂಬುವುದನ್ನು ಬಿಟ್ಟು, ಮುಷ್ಟಿಯ ಬಿಗಿ ಅಳೆಯುತ್ತವೆ, ನಡೆಯುವ ವೇಗ ನೋಡುತ್ತವೆ, ಬಿಪಿ ನೋಡುತ್ತವೆ.

ನೆನಪಿನ ಶಕ್ತಿಗೂ ಒಂದು ಸರಳ ಪರೀಕ್ಷೆ ಇದೆ. 10 ಪದ ಓದಿ ಹೇಳುತ್ತಾರೆ. ಕೂಡಲೇ ಎಷ್ಟು ನೆನಪಿದೆ ಕೇಳುತ್ತಾರೆ. ಬೇರೆ ಪ್ರಶ್ನೆಗಳನ್ನು ಕೇಳಿ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳುತ್ತಾರೆ. ಒಟ್ಟು 20 ಅಂಕ. ಸುಸಾನ್ ರೋವೆಡರ್ ಮತ್ತು ರಾಬರ್ಟ್ ವಿಲ್ಲಿಸ್ 2010ರಲ್ಲಿ ಅಮೆರಿಕ, ಇಂಗ್ಲೆಂಡ್ ಮತ್ತು ಯುರೋಪಿನ 11 ದೇಶಗಳ ಈ ಅಂಕಗಳನ್ನು ಹೋಲಿಸಿದರು. 60ರ ಆಸುಪಾಸಿಗೆ ಹೆಚ್ಚು ಜನ ಕೆಲಸ ಬಿಟ್ಟಿರುವ ದೇಶಗಳಲ್ಲಿ ಅಂಕ ಕಡಿಮೆ ಇತ್ತು. ಮರೆವಿನಿಂದ ಕೆಲಸ ಬಿಟ್ಟಿರಬಹುದಲ್ಲ? ಇದಕ್ಕೆ ಉತ್ತರವಾಗಿ ಅವರು ದೇಶದ ಪಿಂಚಣಿ ವಯಸ್ಸಿನ ಕಾನೂನನ್ನು ಹಿಡಿದರು. ಒಬ್ಬ ವ್ಯಕ್ತಿಯ ನೆನಪು ಚೆನ್ನಾಗಿದೆಯೋ ಇಲ್ಲವೋ ಅನ್ನುವುದಕ್ಕೂ ಆ ದೇಶದ ಕಾನೂನಿಗೂ ಸಂಬಂಧವಿಲ್ಲ. ಆದರೆ ಕಾನೂನು ಜನರನ್ನು ಬೇಗ ಅಥವಾ ತಡವಾಗಿ ಮನೆಗೆ ಕಳಿಸುತ್ತದೆ. ಹಾಗಾಗಿ ಕಾನೂನಿನಿಂದಾಗಿ ಬೇಗ ಬಿಟ್ಟವರಲ್ಲೂ ಅಂಕ ಕಡಿಮೆ ಇದ್ದರೆ, ಕೆಲಸ ಬಿಟ್ಟದ್ದೇ ಕಾರಣ ಅನ್ನಬಹುದು. ಅವರಿಗೆ ಹಾಗೆಯೇ ಕಂಡಿತು.

ಪತ್ರಿಕೆಗಳಿಗೆ ಇಷ್ಟವಾಗುವಂಥ ಫಲಿತಾಂಶ. ಆದರೆ 2013ರಲ್ಲಿ ಪಾಲ್ ಬಿಂಗ್ಲಿ ಮತ್ತು ಅಲೆಸ್ಸಾಂಡ್ರೊ ಮಾರ್ಟಿನೆಲ್ಲೊ ಒಂದು ಬಿರುಕು ತೋರಿಸಿದರು. ಪಿಂಚಣಿ ವಯಸ್ಸು ಕಡಿಮೆ ಇರುವ ದೇಶಗಳಲ್ಲಿ ಆ ತಲೆಮಾರಿನವರು ಶಾಲೆಗೆ ಹೋದ ವರ್ಷಗಳೂ ಕಡಿಮೆ. ಓದಿಗೂ ಪದ ನೆನಪಿಟ್ಟುಕೊಳ್ಳುವುದಕ್ಕೂ ನೇರ ನಂಟಿದೆ. ಶಾಲೆಯ ವರ್ಷಗಳನ್ನು ಲೆಕ್ಕಕ್ಕೆ ಸೇರಿಸಿದರೆ ನಿವೃತ್ತಿಯ ಪರಿಣಾಮ ಕುಗ್ಗುತ್ತದೆ. ‘ರಿಟೈರ್ ಆದರೆ ಮೆದುಳು ಮಂಕಾಗುತ್ತದೆ’ ಅಂತ ವಾಟ್ಸಾಪ್‌ನಲ್ಲಿ ಬಂದರೆ, ದಯವಿಟ್ಟು ಇದನ್ನೂ ನೆನಪಿಡಿ.

ಖರ್ಚಿನ ವಿಷಯದಲ್ಲೂ ಹೀಗೇ ಆಯಿತು. ದುಡಿಯುವಾಗ ಕೂಡಿಟ್ಟು ಆಮೇಲೆ ಅದೇ ಮಟ್ಟದಲ್ಲಿ ಬದುಕುತ್ತಾರೆ ಅನ್ನುವುದು ಅರ್ಥಶಾಸ್ತ್ರದ ಪಾಠ. ಆದರೆ ನಿವೃತ್ತರ ಊಟದ ಖರ್ಚು ಕೂಡ ಥಟ್ಟನೆ ಇಳಿಯುವುದು ಸಮೀಕ್ಷೆಗಳಲ್ಲಿ ಕಂಡಿತು. ಜನ ಸರಿಯಾಗಿ ಕೂಡಿಟ್ಟಿಲ್ಲ, ಹೊಟ್ಟೆ ಕಟ್ಟುತ್ತಿದ್ದಾರೆ ಅನ್ನಿಸಿತು. ಮಾರ್ಕ್ ಅಗಿಯಾರ್ ಮತ್ತು ಎರಿಕ್ ಹರ್ಸ್ಟ್ 2005ರಲ್ಲಿ ಖರ್ಚು ಬಿಟ್ಟು ತಟ್ಟೆಯನ್ನೇ ನೋಡಿದರು. ಯಾರು ಏನು ತಿಂದರು ಅಂತ ದಿನಚರಿ ಬರೆಸಿದ್ದ ಸಮೀಕ್ಷೆಯನ್ನು ತೆಗೆದರು. ಖರ್ಚು ಶೇ 17 ಇಳಿದಿತ್ತು, ಅಡುಗೆ ಮತ್ತು ಸಾಮಾನು ತರುವ ಕೆಲಸಕ್ಕೆ ಕೊಡುವ ಸಮಯ ಶೇ 53 ಏರಿತ್ತು. ಊಟದ ಪ್ರಮಾಣ, ಗುಣಮಟ್ಟ ಎರಡೂ ಇಳಿದಿರಲಿಲ್ಲ. ಬಿಡುವು ಸಿಕ್ಕಿತ್ತು, ಹೋಟೆಲ್ ಬಿಟ್ಟು ಮನೆಯಲ್ಲಿ ಮಾಡಿಕೊಂಡಿದ್ದರು.

ನಮ್ಮಲ್ಲಿ ಕೇಳಬೇಕಾದದ್ದು ಬೇರೆ

ಎಚ್‌ಆರ್‌ಎಸ್ ಮಾದರಿ ಇಂಗ್ಲೆಂಡ್, ಯುರೋಪ್, ಕೊರಿಯಾ, ಜಪಾನ್, ಚೀನಾಗಳಿಗೆ ಹೋಯಿತು. ಭಾರತಕ್ಕೂ ಬಂತು, ‘ಲಾಸಿ’ ಎಂಬ ಹೆಸರಿನಲ್ಲಿ. ಮುಂಬೈನ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ, ಹಾರ್ವರ್ಡ್ ಮತ್ತು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ಸೇರಿ ಇದನ್ನು ನಡೆಸುತ್ತವೆ. ಮುಖ್ಯ ಸಮೀಕ್ಷೆಗೂ ಮುಂಚೆ, 2010ರಲ್ಲಿ ನಾಲ್ಕು ರಾಜ್ಯಗಳಲ್ಲಿ ಪ್ರಶ್ನೆಗಳನ್ನು ಪರೀಕ್ಷೆಗೆ ಹಚ್ಚಿದರು. ಅದರಲ್ಲಿ ಕರ್ನಾಟಕವೂ ಒಂದು. ಉಳಿದವು ಕೇರಳ, ಪಂಜಾಬ್, ರಾಜಸ್ಥಾನ. 2017–18ರ ಮೊದಲ ಸುತ್ತಿನಲ್ಲಿ 45 ದಾಟಿದವರು ಮತ್ತು ಅವರ ಸಂಗಾತಿಗಳು ಸೇರಿ 72,000ಕ್ಕೂ ಹೆಚ್ಚು ಜನ ಉತ್ತರಿಸಿದರು. ಅವರಲ್ಲಿ 31,000ಕ್ಕೂ ಹೆಚ್ಚು ಜನ 60 ದಾಟಿದವರು.

ಅಮೆರಿಕದ ಪ್ರಶ್ನೆಯನ್ನು ಇಲ್ಲಿ ಹಾಗೆಯೇ ಇಟ್ಟರೆ ಅದು ಕೆಲಸಕ್ಕೆ ಬರುವುದಿಲ್ಲ. ಕರ್ನಾಟಕದ ಸರ್ಕಾರಿ ನೌಕರರಿಗೆ 60ಕ್ಕೆ ವಯೋನಿವೃತ್ತಿ. ಅವರಿಗೆ ನಿರ್ಧಾರ ಅಂತ ಇರುವುದು ಸ್ವಯಂ ನಿವೃತ್ತಿ ತೆಗೆದುಕೊಳ್ಳಬೇಕಾ ಬೇಡವಾ ಅನ್ನುವುದು, ಅಥವಾ ಬಂದ ಗ್ರಾಚ್ಯುಟಿ, ಪಿಎಫ್ ದುಡ್ಡನ್ನು ಏನು ಮಾಡುವುದು ಅನ್ನುವುದು. ಅದರಲ್ಲೂ ರಾಜ್ಯ ಸರ್ಕಾರಕ್ಕೆ 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ಗೆ ಬಂದವರಿಗೂ, ಅದಕ್ಕೂ ಮುಂಚೆ ಸೇರಿ ಹಳೆಯ ಪಿಂಚಣಿಯಲ್ಲಿ ಇರುವವರಿಗೂ ಲೆಕ್ಕ ಬೇರೆ ಬೇರೆ. ಆದರೆ ಇವರೆಲ್ಲ ದುಡಿಯುವವರಲ್ಲಿ ಸಣ್ಣ ಪಾಲು.

ಉಳಿದವರ ಕಡೆ ನೋಡಿ. ಮಂಡ್ಯದ ಕಬ್ಬಿನ ಗದ್ದೆಯಲ್ಲಿ ದುಡಿಯುವ 66ರ ರೈತರನ್ನು ‘ನೀವು ಯಾವಾಗ ನಿವೃತ್ತರಾಗುತ್ತೀರಿ?’ ಅಂದರೆ ಏನು ಹೇಳಬೇಕು? ಮೊದಲು ಉಳುಮೆ ಮಗನ ಕೈಗೆ ಹೋಗುತ್ತದೆ. ಆಮೇಲೆ ನೀರು ಕಟ್ಟುವುದು ನಿಲ್ಲುತ್ತದೆ. ದನ ನೋಡಿಕೊಳ್ಳುವುದು ಇನ್ನೂ ಹತ್ತು ವರ್ಷ ಇರುತ್ತದೆ. ಸೊಸೈಟಿಯ ಲೆಕ್ಕ, ಪಹಣಿಯ ಹೆಸರು ಕೊನೆಯವರೆಗೂ ಅವರದ್ದೇ. ಪಿಂಚಣಿ ಅಂದರೆ ಸರ್ಕಾರದ ವೃದ್ಧಾಪ್ಯ ಯೋಜನೆ ಸಂಧ್ಯಾ ಸುರಕ್ಷಾದ ಸಣ್ಣ ಮೊತ್ತ. ಅವರ ನಿಜವಾದ ವೃದ್ಧಾಪ್ಯದ ವಿಮೆ ಜಮೀನು ಮತ್ತು ಮಕ್ಕಳು. ಹಾಗಾಗಿ ಲಾಸಿ ಮನೆಯ ಎಲ್ಲರ ಆದಾಯ, ಖರ್ಚು, ಜಮೀನು, ಯಾರು ಯಾರಿಗೆ ದುಡ್ಡು ಕೊಡುತ್ತಾರೆ, ಬೇರೆ ಊರಲ್ಲಿರುವ ಮಕ್ಕಳು ಎಷ್ಟು ಕಳಿಸುತ್ತಾರೆ ಅನ್ನುವುದನ್ನೆಲ್ಲ ಕೇಳುತ್ತದೆ.

ಹೆಂಗಸರ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ, ಮಧ್ಯಾಹ್ನ ಕಳೆ ಕೀಳುವ ಅಜ್ಜಿಯನ್ನು ‘ನೀವು ಕೆಲಸ ಮಾಡ್ತೀರಾ?’ ಅಂತ ಕೇಳಿದರೆ, ‘ನಾನೇನು ಕೆಲ್ಸ ಮಾಡ್ತೀನಪ್ಪ, ಮನೇಲೇ ಇರ್ತೀನಿ’ ಅನ್ನುವುದೇ ಹೆಚ್ಚು. ಅದನ್ನು ಹಾಗೇ ಬರೆದುಕೊಂಡರೆ ಆಕೆ ದುಡಿಯುವವರ ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ಸ್ವಂತ ಹೊಲ, ಕೂಲಿ, ಮನೆಯ ಅಂಗಡಿ ಅಂತ ಒಂದೊಂದಾಗಿ ಬಿಡಿಸಿ ಕೇಳಿದಾಗಲೇ ದುಡಿಮೆ ಹೊರಗೆ ಬರುವುದು. ಹಾಗೆ ಕೇಳಿದ ಲಾಸಿಯಲ್ಲಿ 60 ದಾಟಿದವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಇನ್ನೂ ದುಡಿಯುತ್ತಿದ್ದರು.

ಅವರು ಇಷ್ಟಪಟ್ಟು ದುಡಿಯುತ್ತಿದ್ದಾರೋ, ವಿಧಿಯಿಲ್ಲದೆಯೋ? ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ, ಅಂದರೆ ಐಸೆಕ್, ಇತರ ಸಂಸ್ಥೆಗಳ ಜೊತೆ ಸೇರಿ 2011ರಲ್ಲಿ ಏಳು ರಾಜ್ಯಗಳ ಹಿರಿಯರನ್ನು ಮಾತಾಡಿಸಿತ್ತು. ದುಡಿಯುತ್ತಿದ್ದ ಹಿರಿಯರಲ್ಲಿ ಬಹುಪಾಲು ಜನ ಹಣದ ಅಗತ್ಯಕ್ಕಾಗಿಯೇ ದುಡಿಯುತ್ತಿರುವುದಾಗಿ ಹೇಳಿದರು. ಆ ಏಳು ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ನಮ್ಮ ರಾಜ್ಯಕ್ಕೆ ಉತ್ತರ ಹುಡುಕಬೇಕಾದವರಿಗೆ ಈಗ ಲಾಸಿಯ ಅಂಕಿಅಂಶವೇ ಕೈಗೆ ಸಿಗುತ್ತದೆ. ಹೆಸರು, ವಿಳಾಸ ತೆಗೆದ ಕಡತಗಳನ್ನು ಮುಂಬೈನ ಸಂಸ್ಥೆ ಸಂಶೋಧಕರಿಗೆ ಕೊಡುತ್ತದೆ, ಅರ್ಜಿ ಹಾಕಬೇಕು ಅಷ್ಟೆ. ಧಾರವಾಡದಲ್ಲೋ ಮೈಸೂರಿನಲ್ಲೋ ಎಂ.ಎ. ಓದುತ್ತಿರುವವರೂ ಅದನ್ನು ತರಿಸಿಕೊಂಡು ಕೆಲಸ ಶುರು ಮಾಡಬಹುದು. ಜಮೀನು ಇರುವವರು ಮತ್ತು ಇಲ್ಲದವರಲ್ಲಿ ಯಾರು ಬೇಗ ದುಡಿಮೆ ನಿಲ್ಲಿಸುತ್ತಾರೆ? ಮಗ ಬೆಂಗಳೂರಿಗೆ ಹೋದ ಮನೆಗಳಲ್ಲಿ ಅಪ್ಪನ ದುಡಿಮೆ ಕಡಿಮೆಯಾಗುತ್ತದೋ, ಹೊಲ ನೋಡುವವರಿಲ್ಲದೆ ಜಾಸ್ತಿಯಾಗುತ್ತದೋ? ಎರಡನೆಯದಕ್ಕೆ ಒಂದೇ ಸುತ್ತಿನ ಉತ್ತರ ಸಾಲದು. ಅದೇ ಮನೆಗೆ ಮತ್ತೆ ಹೋಗಿ ಕೇಳಬೇಕು.